ತಾಯಿ-ಮಗುವಿನ ನೋಟನ್ನು ಹ್ಯೂಸ್ಟನ್ನಿಗೆ ಮುಟ್ಟಿಸಿದ್ದು

2003ರ ಮಾರ್ಚ್ ಕೊನೆಯ ವಾರ. ಗುರುವಾರ ಬೆಳಿಗ್ಗೆ ಆರೂವರೆಗೆ ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟ್ ಬಿಟ್ಟೆವು. ಮೋಡ ಕವಿದಿತ್ತು, ಮಧ್ಯಾಹ್ನದ ಮೇಲೆ ಆಲಿಕಲ್ಲು ಬೀಳಬಹುದು ಎಂದು ರೇಡಿಯೊದಲ್ಲಿ ಹೇಳುತ್ತಿದ್ದರು. ಕಾರು ಓಡಿಸುತ್ತಿದ್ದವರು ನಮ್ಮ ಯಜಮಾನರು. ಪಕ್ಕದಲ್ಲಿ ನಾನು. ನನ್ನ ತೊಡೆಯ ಮೇಲೆ ಸಿಹಿತಿಂಡಿಯ ಖಾಲಿ ರಟ್ಟಿನ ಡಬ್ಬಿ, ಅದರೊಳಗೆ ಎರಡು ಕರ್ಚೀಫುಗಳ ನಡುವೆ ಒಂದೇ ಒಂದು ಹಳೆಯ ಕೊರಿಯಾದ ನೋಟು. ನೋಟು ನನ್ನದಾಗಿರಲಿಲ್ಲ. ಅದರ ಒಡತಿ ಹ್ಯೂಸ್ಟನ್ನಿನಲ್ಲಿದ್ದರು. ಶನಿವಾರದೊಳಗೆ ಅವರ ಕೈಗೆ ಒಪ್ಪಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಅದನ್ನು ನಾವು ಹಾಳು ಮಾಡಿಟ್ಟಿದ್ದೆವು.

ಈಗ 'ನಾವು' ಎಂದು ಬರೆಯುತ್ತಿದ್ದೇನೆ. ಆಗ ಎಂಟು ದಿನದಿಂದ 'ನೀವು, ನೀವು' ಎಂದೇ ಅವರ ತಲೆ ತಿನ್ನುತ್ತಿದ್ದೆ. ಪಾಪ, ಅವರು ಒಂದು ಮಾತೂ ಎದುರಾಡದೆ ರಜೆ ಹಾಕಿ, ಟೈರಿಗೆ ಗಾಳಿ ಹಿಡಿಸಿ, ಮೂರು ದಿನಕ್ಕೆ ಸಾಕಾಗುವಷ್ಟು ಚಪಾತಿಯನ್ನೂ ತಾವೇ ಲಟ್ಟಿಸಿ ಕಟ್ಟಿಕೊಂಡಿದ್ದರು.

ಕೊರಿಯಾದ ನೋಟಿಗೂ ಮೈಸೂರಿನ ಹೆಂಗಸಾದ ನನಗೂ ಏನು ನಂಟು ಎಂದು ಓದುವವರಿಗೆ ಅನ್ನಿಸಬಹುದು. ಡಲ್ಲಾಸ್‌ಗೆ ಬಂದ ಹೊಸತರಲ್ಲಿ ನನಗೆ ಸಿಕ್ಕ ಮೊದಲ ಕೆಲಸ ರಾಯಲ್ ಲೇನ್‌ನ ಒಂದು ಕೊರಿಯನ್ ದಿನಸಿ ಅಂಗಡಿಯ ಗಲ್ಲಾದಲ್ಲಿ. ಅಲ್ಲಿ ಸಬ್ಬಕ್ಕಿ ಸಿಗುತ್ತದೆಯೇ ಎಂದು ಕೇಳಲು ಹೋದವಳನ್ನು ಯಜಮಾನಿ ಕೆಲಸಕ್ಕೇ ಇಟ್ಟುಕೊಂಡಳು. ಒಂದು ದಿನ ಅವಳು ತನ್ನ ಪರ್ಸಿನ ಒಳಜೇಬಿನಿಂದ ಚಲಾವಣೆ ನಿಂತುಹೋದ ಒಂದು ನೋಟು ತೆಗೆದು ತೋರಿಸಿದಳು. ನಮ್ಮ ಸಂತೆ ಚೀಲಕ್ಕೆ ಬಳಸುವಂಥ ಒರಟು ಕಾಗದ, ಮಾಸಿದ ಬಣ್ಣ. ಕೊರಿಯಾ ಯುದ್ಧದ ಮಧ್ಯೆ ಅಚ್ಚಾದದ್ದಂತೆ. ಅದನ್ನು ಕೊಟ್ಟು ಇವತ್ತು ಒಂದು ಬೆಂಕಿಪೊಟ್ಟಣವೂ ಬರುವುದಿಲ್ಲ, ಆದರೂ ಅವಳು ಅದನ್ನು ಮೂರು ದೇಶ ದಾಟಿಸಿ ತಂದಿದ್ದಳು. ನನಗೆ ಅವತ್ತೇ ಹುಚ್ಚು ಹಿಡಿಯಿತು. ಕೆಲಸ ಬಿಟ್ಟು ಊರ ಲೈಬ್ರರಿ ಸೇರಿದ ಮೇಲೂ ಹುಚ್ಚು ಬಿಡಲಿಲ್ಲ. ಆರು ವರ್ಷ ನಾಣ್ಯದ ಮೇಳಗಳಲ್ಲಿ ಕಾಲು ಸವೆಸಿ, ಹ್ವಾನ್ ಎಂಬ ಹಣ ನಡೆಯುತ್ತಿದ್ದ ಕಾಲದ ನೋಟುಗಳನ್ನು ಒಂದು ಆಲ್ಬಮಿನಲ್ಲಿ ಸಾಲಾಗಿ ಕೂಡಿಸಿದ್ದೆ. ಒಂದು ಕಿಸೆ ಮಾತ್ರ ಖಾಲಿ ಉಳಿದಿತ್ತು.

ಆ ಖಾಲಿ ಕಿಸೆಯ ನೋಟೇ ಈ ಕಥೆಯದು. 1962ರ ಮೇ ತಿಂಗಳಲ್ಲಿ ಕೊರಿಯಾದಲ್ಲಿ ನೂರು ಹ್ವಾನ್‌ನ ಹೊಸ ನೋಟು ಬಂತು. ಕೆಂಪು ಬಣ್ಣ, ಒಬ್ಬ ತಾಯಿ, ಪಕ್ಕದಲ್ಲಿ ಮಗ, ಇಬ್ಬರ ಕೈಯಲ್ಲೂ ಉಳಿತಾಯದ ಪಾಸ್‌ಬುಕ್ಕು. ಜೂನ್‌ನಲ್ಲಿ ಸರ್ಕಾರ ಹ್ವಾನ್ ಅನ್ನೇ ರದ್ದು ಮಾಡಿತು. ತಾಯಿ-ಮಗು ಒಂದು ತಿಂಗಳು ತುಂಬುವ ಮೊದಲೇ ಕಸವಾದರು. ಬದಲಾಯಿಸಿಕೊಳ್ಳದೆ ಇಟ್ಟುಕೊಂಡವರು ಕಡಿಮೆ, ಆದ್ದರಿಂದ ಸಂಗ್ರಹ ಮಾಡುವವರು ಅದಕ್ಕೆ ಪ್ರಾಣ ಬಿಡುತ್ತಾರೆ.

ಅಂಥದೊಂದು ಹ್ಯೂಸ್ಟನ್ನಿನ ಲಾಂಗ್ ಪಾಯಿಂಟ್ ರಸ್ತೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ನಡೆಸುವ ಒಬ್ಬ ಮುದುಕಿಯ ಬಳಿ ಇದೆ ಎಂದು ದಿನಸಿ ಅಂಗಡಿಯ ಯಜಮಾನಿ ಹೇಳಿದಳು. ಸಂಕ್ರಾಂತಿ ಕಳೆದ ಮೇಲೆ ಹೋಗಿ ಕಂಡೆ. ಎಪ್ಪತ್ತರ ಆಚೆಯ ಗಿಡ್ಡ ಹೆಂಗಸು, ದಪ್ಪ ಕನ್ನಡಕ. ಅಂಗಡಿ ಯಜಮಾನಿ ಕಲಿಸಿಕೊಟ್ಟ ಹಾಗೆ 'ಹಲ್ಮೊನಿ' ಎಂದೆ, ಅಂದರೆ ಅಜ್ಜಿ. ನಕ್ಕರು. ನೋಟು ಮಾರಲು ಅವರು ಒಪ್ಪಲಿಲ್ಲ. ಗಂಡ ಇಟ್ಟುಕೊಂಡಿದ್ದಂತೆ, ಆತ ತೀರಿಕೊಂಡು ಎರಡು ವರ್ಷ. ನಮ್ಮ ಲೈಬ್ರರಿಯ ಗಾಜಿನ ಬೀರುವಿನಲ್ಲಿ ಕೊರಿಯಾದ ನೋಟುಗಳ ಪ್ರದರ್ಶನ ಇಡುತ್ತಿದ್ದೇನೆ, ಎರಡು ತಿಂಗಳು ಮಾತ್ರ ಕೊಡಿ ಎಂದು ಬೇಡಿದೆ. ಕೊನೆಗೆ ಕವರಿನಲ್ಲಿ ಹಾಕಿ ಕೊಟ್ಟು, ಒಂದೇ ಮಾತು ಹೇಳಿದರು: "ಮಾರ್ಚ್ ಕೊನೆಯ ಭಾನುವಾರ ನನ್ನ ಗಂಡ ತೀರಿಕೊಂಡ ದಿನ. ಅವರ ಫೋಟೋ ಮುಂದೆ ಇಡಬೇಕು. ಮರೆಯಬೇಡ."

ನಾನು ಮರೆಯಲಿಲ್ಲ. ಪ್ರದರ್ಶನ ಮುಗಿಯುತ್ತಲೇ ನೋಟನ್ನು ಮನೆಗೆ ತಂದು, ನಾಲ್ಕು ಮಡಿಕೆಯಾಗಿದ್ದ ಅದರ ಬಲಮೂಲೆ ಹರಿಯುತ್ತಿದೆಯಲ್ಲ, ಹ್ಯೂಸ್ಟನ್ ಮುಟ್ಟುವಷ್ಟರಲ್ಲಿ ಇನ್ನಷ್ಟು ಹರಿದರೆ ಏನು ಗತಿ ಎಂದು ಯಜಮಾನರ ಮುಂದೆ ಗೋಳಾಡಿದೆ. ಅಲ್ಲೇ ಎಡವಟ್ಟಾಯಿತು.

ನಮ್ಮವರಿಗೆ ಲ್ಯಾಮಿನೇಷನ್ ಅಂದರೆ ಭಕ್ತಿ. ನಮ್ಮ ಕಡೆಯ ಯಾರ ಮನೆಯ ಬೀರು ತೆಗೆದರೂ ಗೊತ್ತಾಗುತ್ತದೆ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಜಾತಕ, ಮದುವೆಯ ಕರೆಯೋಲೆ, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ. ತಹಸೀಲ್ದಾರರ ಕಚೇರಿ ಎದುರಿಗೆ ಇದಕ್ಕೆಂದೇ ಅಂಗಡಿಗಳಿರುತ್ತವೆ. ಬೆಲೆಬಾಳುವ ಕಾಗದ ಬಿಚ್ಚಿಟ್ಟರೆ ಇವರಿಗೆ ನಿದ್ದೆ ಬರದು. ಇಲ್ಲಿಗೆ ಬಂದ ಮೇಲೆ ಗರಾಜ್ ಸೇಲ್‌ನಲ್ಲಿ ಎಂಟು ಡಾಲರಿಗೆ ಒಂದು ಪುಟ್ಟ ಮಷೀನೇ ಕೊಂಡುಬಿಟ್ಟಿದ್ದರು. ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ನೋಟು ಅದರೊಳಗೆ ಹಾದು ಹೊರಬಂದಿತ್ತು. ಮೇಜಿನ ಮೇಲೆ ಬೆಚ್ಚಗೆ ಥಳಥಳಿಸುತ್ತಾ ಮಲಗಿತ್ತು.

"ನೋಡೇ ವಿಮಲಾ, ಇನ್ನು ನೂರು ವರ್ಷ ಮೂಲೆ ಹರಿಯಲ್ಲ" ಎಂದರು, ಸಂತೋಷದಿಂದ.

ಲ್ಯಾಮಿನೇಟ್ ಆದ ನೋಟು ಸಂಗ್ರಹ ಮಾಡುವವರ ಪಾಲಿಗೆ ಸತ್ತ ಹಾಗೆ. ಬಿಸಿಗೆ ಅಂಟು ಕರಗಿ ಕಾಗದದೊಳಕ್ಕೆ ಇಳಿದಿರುತ್ತದೆ. ಮತ್ತೆ ಹೊರತೆಗೆಯುವ ದಾರಿ ಇಲ್ಲ. ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಡಲ್ಲಾಸ್ ದಾಟಿ ಐ-ಮೂವತ್ತೈದು ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದಾಗ ಲಾರಿಗಳು ಎರಡೂ ಕಡೆ ನುಗ್ಗುತ್ತಿದ್ದವು. ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದಿದ್ದೆ. ಇನ್ನು ಅದಕ್ಕೆ ಏನಾಗಬೇಕಿತ್ತು, ಆಗುವುದೆಲ್ಲ ಆಗಿಹೋಗಿತ್ತು, ಆದರೂ ಕೈ ಸಡಿಲಿಸಲು ಧೈರ್ಯ ಬರಲಿಲ್ಲ. ವೆಸ್ಟ್ ಎಂಬ ಊರಿನಲ್ಲಿ ಪೆಟ್ರೋಲಿಗೆ ನಿಂತೆವು. ಗ್ಯಾಲನ್ನಿಗೆ ಒಂದೂವರೆ ಡಾಲರು. ಅಲ್ಲಿ ಚೆಕ್ ಜನ ಮಾಡುವ, ಮಧ್ಯೆ ಹಣ್ಣಿನ ಪಾಕ ತುಂಬಿದ ಕೊಲಾಚಿ ಎಂಬ ಬನ್ನು ಹೆಸರುವಾಸಿ. ಯಜಮಾನರು ಏಪ್ರಿಕಾಟಿನದು ಎರಡು ತಂದರು. ನನ್ನದನ್ನು ಕಾಗದದಲ್ಲಿ ಸುತ್ತಿ ಬದಿಗಿಟ್ಟೆ.

"ನೇರವಾಗಿ ಹೇಳ್ಬಿಡೋಣ ಕಣೇ" ಎಂದರು. "ನಾನೇ ಹೇಳ್ತೀನಿ. ತಪ್ಪು ನಂದು ಅಂತ."

"ನೀವು ಸುಮ್ನಿರಿ. ಅವರು ನಂಬಿ ಕೊಟ್ಟಿದ್ದು ನನಗೆ. ಭಾನುವಾರ ಆ ಪ್ಲಾಸ್ಟಿಕ್ ಕಾರ್ಡು ಫೋಟೋ ಮುಂದೆ ಇಟ್ಕೊಂಡು ಅಳಬೇಕಾ ಅವರು?"

"ಮತ್ತೇನು ಮಾಡ್ತೀಯ?"

"ಆಸ್ಟಿನ್‌ಗೆ ಮೊದಲು ಹೋಗೋಣ ನಡೀರಿ."

ಆಸ್ಟಿನ್‌ನಲ್ಲಿ ಡೇಲ್ ಎಂಬ ಹಿರಿಯರಿದ್ದರು. ಹರೆಯದಲ್ಲಿ ಸೈನ್ಯದ ಜೊತೆ ಕೊರಿಯಾದಲ್ಲಿದ್ದು ಬಂದವರು, ಟೆಕ್ಸಸ್ಸಿನಲ್ಲಿ ಕೊರಿಯಾದ ನೋಟುಗಳ ಬಗ್ಗೆ ಅವರಿಗಿಂತ ತಿಳಿದವರನ್ನು ನಾನು ಕಂಡಿಲ್ಲ. ಮೇಳಗಳಲ್ಲಿ ಪರಿಚಯ. ಹ್ಯೂಸ್ಟನ್ನಿನ ನೇರ ದಾರಿ ಬಿಟ್ಟು ಬಳಸಿಕೊಂಡು ಹೊರಟಿದ್ದೇ ಅವರನ್ನು ಕಾಣಲು. ಮಧ್ಯಾಹ್ನ ಹನ್ನೆರಡೂವರೆಗೆ ನಾರ್ತ್ ಲಮಾರ್ ರಸ್ತೆಯ ಹಿಂದಿನ ಅವರ ಮನೆಯ ಮುಂದೆ ಕಾರು ನಿಲ್ಲಿಸುವ ಹೊತ್ತಿಗೆ ಬಟಾಣಿ ಗಾತ್ರದ ಆಲಿಕಲ್ಲು ಬೀಳತೊಡಗಿತು. ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡು ಓಡಿದೆ. ಕಾರಿನ ಬಾನೆಟ್ಟಿಗೆ ನಾಲ್ಕು ತಗ್ಗು ಬಿತ್ತು. ಯಜಮಾನರು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಡೇಲ್ ದೀಪದ ಕೆಳಗೆ ನೋಟನ್ನು ಇಟ್ಟುಕೊಂಡು ಭೂತಗನ್ನಡಿಯಲ್ಲಿ ನೋಡಿದರು. ಮಗುಚಿ ಹಿಂಬದಿಯನ್ನೂ ನೋಡಿದರು.

"ಮ್ಯಾಮ್, ಇದನ್ನ ಬಿಡಿಸೋಕೆ ಹೋಗಬೇಡಿ" ಎಂದರು. "ಪ್ಲಾಸ್ಟಿಕ್ ಎಳೆದರೆ ತಾಯಿಯ ಮುಖ ಅದರ ಜೊತೆ ಎದ್ದು ಬರುತ್ತೆ. ಅಂಚಿಗೂ ಕತ್ತರಿ ಹಾಕಬೇಡಿ. ಹೀಗೇ ಬಿಡಿ."

"ಬೇರೆ ದಾರಿ ಏನೂ ಇಲ್ವಾ?"

ಅವರು ಎದ್ದು ಹೋಗಿ ಒಂದು ಫೈಲು ತಂದರು. ಅದರಲ್ಲಿ ಮೂರು ತಾಯಿ-ಮಗು ಇದ್ದವು. ಮೂರೂ ಗರಿಗರಿ, ಬ್ಯಾಂಕಿನಿಂದ ಈಗಷ್ಟೇ ಬಂದಂತೆ. ಆರು ವರ್ಷ ನಾನು ಹುಡುಕಿದ ವಸ್ತು ಮೂರು ಪಟ್ಟಾಗಿ ಕಣ್ಣೆದುರಿಗೆ. ನನಗೆ ಒಂದು ಕ್ಷಣ ಹಲ್ಮೊನಿ ಮರೆತೇಹೋದರು, ಆ ಮಟ್ಟದ ಆಸೆ ನನ್ನದು.

"ಒಂದನ್ನ ನಾನು ಬಿಡಬಲ್ಲೆ. ನಿಮ್ಮ ಆಲ್ಬಮಿಗೆ ಬದಲಾಗಿ."

ಆಲ್ಬಮ್ ಕಾರಿನಲ್ಲೇ ಇತ್ತು. ಹೀಗೇ ಆಗಬಹುದೆಂದು ಒಳಗೊಳಗೇ ಗೊತ್ತಿದ್ದು ತಂದಿದ್ದೆ. ಯಜಮಾನರು "ವಿಮಲಾ, ಯೋಚನೆ ಮಾಡು" ಎಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದರು. ನಾನು ಯೋಚನೆ ಮಾಡಲಿಲ್ಲ. ಆರು ವರ್ಷದ ಆಲ್ಬಮನ್ನು ಮೇಜಿನ ಮೇಲಿಟ್ಟು ಒಂದು ನೋಟು ತೆಗೆದುಕೊಂಡೆ.

ಬಾಗಿಲವರೆಗೆ ಬಂದ ಡೇಲ್ ಕೇಳಿದರು: "ಅಜ್ಜಿಗೆ ನಡೆದದ್ದೆಲ್ಲ ಹೇಳಿ ಇದನ್ನ ಕೊಡ್ತೀರಲ್ಲ?"

"ಖಂಡಿತ" ಎಂದೆ. ಯಜಮಾನರು ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಗೊತ್ತಾಗದೆ ಏನು.

ರಾತ್ರಿಗೆ ಐ-ಮೂವತ್ತೈದರ ಪಕ್ಕದ ಒಂದು ಮೋಟೆಲ್, ನಲವತ್ತೆರಡು ಡಾಲರು. ಕಾರ್ಪೆಟ್ಟಿಗೆ ಸಿಗರೇಟಿನ ತೂತುಗಳು, ಎಸಿ ಗೊರಗೊರ ಎನ್ನುತ್ತಿತ್ತು. ಸಂಜೆ ಐದಕ್ಕೇ ಪರದೆ ಎಳೆದು ಕೂತೆ. ಎರಡೂ ನೋಟುಗಳನ್ನು ಹಾಸಿಗೆಯ ಮೇಲೆ ಅಕ್ಕಪಕ್ಕ ಇಟ್ಟೆ. ಹಲ್ಮೊನಿಯದು ನಾಲ್ಕು ಮಡಿಕೆಯದು, ಬಲಮೂಲೆ ಹರಿದದ್ದು. ಹೊಸದಕ್ಕೆ ಒಂದು ಗೀರೂ ಇಲ್ಲ. ನಂಬರನ್ನು ಅವರು ನೋಡುವುದಿಲ್ಲ, ಆ ಕನ್ನಡಕದಲ್ಲಿ ಕಾಣುವುದೂ ಇಲ್ಲ. ಆದರೆ ಮಡಿಕೆ ಬೆರಳಿಗೆ ಗೊತ್ತಾಗುತ್ತದೆ.

ಸಂಗ್ರಹ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮುಂದಿನ ಎರಡು ಸಾಲು ಬಿಟ್ಟು ಓದಿ. ನಲವತ್ತು ವರ್ಷ ಮಡಿಕೆ ಕಾಣದೆ ಉಳಿದ ನೋಟನ್ನು ನಾನು ನನ್ನ ಕೈಯಾರೆ ನಾಲ್ಕಾಗಿ ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ, ಅಂಗೈಯಲ್ಲಿ ಉಜ್ಜಿ ಮೆತ್ತಗೆ ಮಾಡಿದೆ. ಆಮೇಲೆ ಬಲಮೂಲೆಯನ್ನು ಉಗುರಿನಿಂದ ಒಂದು ಎಳ್ಳಿನಷ್ಟು ಹರಿದೆ.

ಯಜಮಾನರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ನಾನು ಮಾಡಿದ್ದು ಗೊತ್ತಿಲ್ದೆ ಮಾಡಿದ್ದು ಕಣೇ" ಎಂದರು. ಅಷ್ಟೇ. ಚಪಾತಿ ಬಿಚ್ಚಿ ಪಲ್ಯ ಹಾಕಿ ನನ್ನ ಕಡೆ ತಳ್ಳಿದರು. ನನಗೆ ಸಿಟ್ಟು ನೆತ್ತಿಗೇರಿತು, ಅದನ್ನು ಅವರ ಕಡೆಗೇ ವಾಪಸು ತಳ್ಳಿದೆ.

ಶುಕ್ರವಾರ ಬೆಳಿಗ್ಗೆ ಎಪ್ಪತ್ತೊಂದನೆಯ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟೆವು. ಹ್ಯೂಸ್ಟನ್ನಿಗೆ ನೂರ ಅರವತ್ತು ಮೈಲಿ ಚಿಲ್ಲರೆ. ಆಲಿಕಲ್ಲು ಬಂದು ಹೋದ ಆಕಾಶ ತೊಳೆದಂತಿತ್ತು. ಬ್ಯಾಸ್ಟ್ರಾಪ್ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಬ್ಲೂಬಾನೆಟ್ ಹೂ. ಜನ ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂಡಿಸಿ ಫೋಟೋ ತೆಗೆಯುತ್ತಿದ್ದರು. ಬೇರೆ ವರ್ಷವಾಗಿದ್ದರೆ ನಾನೂ ಇಳಿದು ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದೆ. ಅವತ್ತು ಹಲ್ಮೊನಿ ಕೇಳಬಹುದಾದ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಕೇಳಿಕೊಂಡು ಉತ್ತರ ಒಪ್ಪಿಸುತ್ತಿದ್ದೆ. ಬಣ್ಣ ಸ್ವಲ್ಪ ಗಾಢವಾಗಿದೆಯಲ್ಲ ಅಂದರೆ? ಬೀರುವಿನ ದೀಪದ ಕೆಳಗಿತ್ತು, ಹಾಗೆ ಕಾಣುತ್ತೆ ಅನ್ನಬೇಕು. ದೀಪದ ಕೆಳಗಿದ್ದರೆ ಬಣ್ಣ ಮಾಸುತ್ತದೆ, ಗಾಢವಾಗುವುದಿಲ್ಲ ಎಂಬುದು ಆಮೇಲೆ ಹೊಳೆದು ಬೇರೆ ಉತ್ತರ ಹುಡುಕತೊಡಗಿದೆ.

ಹ್ಯೂಸ್ಟನ್ ಹತ್ತಿರವಾದಂತೆ ಗಾಳಿ ಒದ್ದೆಯಾಯಿತು. ಹೊಸ ನೋಟಿನ ಕಾಗದಕ್ಕೆ ಈ ಸೆಖೆ ಆಗದು ಎಂದು ಎಸಿಯ ಗಾಳಿಯನ್ನು ಡಬ್ಬಿಯ ಕಡೆ ತಿರುಗಿಸಿಕೊಂಡೆ. ಅಂಗಡಿಗೆ ಹೋಗಲು ಶನಿವಾರದವರೆಗೆ ಸಮಯವಿತ್ತು. ನಿಜ ಹೇಳಬೇಕೆಂದರೆ ಅವತ್ತೇ ಹೋಗಲು ನನಗೆ ಧೈರ್ಯವಿರಲಿಲ್ಲ. ಸಂಜೆ ಪೇರ್‌ಲ್ಯಾಂಡಿನ ಮೀನಾಕ್ಷಿ ಗುಡಿಗೆ ಹೋಗೋಣ ಎಂದೆ. ಯಜಮಾನರು ಮರುಮಾತಿಲ್ಲದೆ ಗಾಡಿ ತಿರುಗಿಸಿದರು.

ಗುಡಿಯಲ್ಲಿ ಶುಕ್ರವಾರದ ಗದ್ದಲ. ಅಮ್ಮನ ಮುಂದೆ ಕಣ್ಣು ಮುಚ್ಚಿ ನಿಂತಾಗ ನಾನು ಏನು ಕೇಳಿಕೊಂಡೆ ಗೊತ್ತೇ? ತಾಯೀ, ನಾಳೆ ನನ್ನ ಸುಳ್ಳು ದಕ್ಕಲಿ. ಕೇಳಿಕೊಂಡ ಮೇಲೆ ಕಣ್ಣು ತೆರೆಯಲು ಭಯವಾಯಿತು. ಅರ್ಚಕರು "ಗೋತ್ರ?" ಎಂದು ಎರಡು ಸಲ ಕೇಳಬೇಕಾಯಿತು.

ಅವತ್ತು ಶುಗರ್ ಲ್ಯಾಂಡ್‌ನಲ್ಲಿ ಇವರ ಹಳೆಯ ಸ್ನೇಹಿತರ ಮನೆಯಲ್ಲಿ ಉಳಿದೆವು. ಆ ಮನೆಯ ಪದ್ಮಕ್ಕ ಧಾರವಾಡದ ಕಡೆಯವರು, ಊಟಕ್ಕೆ ಕೂಡಿಸಿ ತಟ್ಟೆ ಖಾಲಿಯಾಗಲು ಬಿಡುವವರಲ್ಲ.

"ಯಾಕ್ರೀ ವಿಮಲಾ, ಮಾರಿ ಇಷ್ಟ್ ಸಣ್ಣ ಆಗೇತಿ? ಯಜಮಾನ್ರ ಜೋಡಿ ಜಗಳಾ ಆಡೀರೇನು?"

"ಹಂಗೇನಿಲ್ಲ ಪದ್ಮಕ್ಕ, ದಾರಿ ಆಯಾಸ."

"ಆಯಾಸ ಅಂದ್ರ ಉಣ್ರಿ ಮತ್ತ. ಸುಮ್ಮ ನೋಡ್ಕೋತ ಕುಂತ್ರ ಆಯಾಸ ಹೋಗ್ತದೇನು?"

ಅವರಿಗೆ ಹೇಳಿಬಿಡಬೇಕೆನ್ನಿಸಿತು. ಹೇಳಿದ್ದರೆ ಅವರು ಏನು ಅನ್ನುತ್ತಿದ್ದರೋ ಗೊತ್ತಿದ್ದುದರಿಂದಲೇ ಹೇಳಲಿಲ್ಲ.

ಶನಿವಾರ ಹನ್ನೊಂದಕ್ಕೆ ಲಾಂಗ್ ಪಾಯಿಂಟ್ ರಸ್ತೆ. ಟೈರಿನ ಅಂಗಡಿ, ಟಾಕೊ ಮಾರುವ ಗಾಡಿ, ಕೊರಿಯನ್ ಅಕ್ಷರದ ಬೋರ್ಡುಗಳು. ಹಲ್ಮೊನಿಯ ಅಂಗಡಿ ಸಾಲಿನ ಕೊನೆಯದು. ಹೊಸ ನೋಟನ್ನು ಅವರೇ ಕೊಟ್ಟಿದ್ದ ಕವರಿಗೆ ಹಾಕಿ ಪರ್ಸಿನಲ್ಲಿಟ್ಟುಕೊಂಡಿದ್ದೆ. ಪ್ಲಾಸ್ಟಿಕ್ ಆದದ್ದು ಡಬ್ಬಿಯಲ್ಲೇ ಕಾರಿನ ಸೀಟಿನ ಮೇಲೆ ಉಳಿಯಿತು.

"ನಾನೂ ಬರ್ತೀನಿ" ಎಂದರು ಯಜಮಾನರು.

"ಬನ್ನಿ. ಆದ್ರೆ ಬಾಯಿ ಬಿಡಬೇಡಿ."

ಬಾಗಿಲ ಗಂಟೆ ಕಿಣಿಗುಟ್ಟಿತು. ಒಳಗೆ ಹಬೆ, ಇಸ್ತ್ರಿಯ ಬಿಸಿ, ಸೂರಿನಿಂದ ತೂಗುವ ಕೋಟುಗಳ ಸಾಲು. ಹಲ್ಮೊನಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಎರಡೂ ಕೈ ಚಾಚಿ ಬಂದರು. ನಾನು ಕವರು ತೆಗೆಯಲು ಹೋದರೆ ತಡೆದರು.

"ಮೊದಲು ಊಟ."

ಕೌಂಟರಿನ ಹಿಂದೆ ಪುಟ್ಟ ಮೇಜು. ಅದರ ಮೇಲೆ ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿ ಬಿಲ್ಲೆ ಬಿಲ್ಲೆಯಾಗಿ ಕುಯ್ದ ಕಿಂಬಾಪ್. ನಾನು ಮಾಂಸ ತಿನ್ನುವುದಿಲ್ಲವೆಂದು ಜನವರಿಯಲ್ಲಿ ಒಮ್ಮೆ ಹೇಳಿದ್ದೆ. ಅವರು ನೆನಪಿಟ್ಟು ಬರೀ ಕ್ಯಾರೆಟ್, ಸೌತೆ, ಸೊಪ್ಪು ಇಟ್ಟು ಬೇರೆಯಾಗಿ ಮಾಡಿದ್ದರು. "ಮೀನಿಲ್ಲ, ಮೊಟ್ಟೆಯಿಲ್ಲ, ತಿನ್ನು" ಎಂದು ಒಂದೊಂದೇ ಬಿಲ್ಲೆಯನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು. ಯಜಮಾನರು ತಲೆ ತಗ್ಗಿಸಿ ತಿಂದರು. ಗೋಡೆಯ ಮೇಲೆ ಹಲ್ಮೊನಿಯ ಗಂಡನ ಫೋಟೋ, ಉದ್ದ ಮುಖ, ನಗದ ಕಣ್ಣು. ಕೆಳಗಿನ ಹಲಗೆಯನ್ನು ಆಗಲೇ ಒರೆಸಿ, ಬಿಳಿ ಬಟ್ಟೆ ಹಾಸಿ ಸಿದ್ಧ ಮಾಡಿದ್ದರು. ಬಟ್ಟೆಯ ಮೇಲೆ ಏನೂ ಇರಲಿಲ್ಲ. ಅದು ಈ ನೋಟಿನ ಜಾಗ.

ತಟ್ಟೆ ತೆಗೆದ ಮೇಲೆ ಕೈ ತೊಳೆದು, ಒರೆಸಿ, ಚಾಚಿದರು. ಕವರು ಕೊಟ್ಟೆ.

ನೋಟನ್ನು ಹೊರಗೆ ತೆಗೆದರು. ಮಡಿಕೆ ನೋಡಲಿಲ್ಲ, ಮೂಲೆ ನೋಡಲಿಲ್ಲ, ಬಣ್ಣವನ್ನೂ ನೋಡಲಿಲ್ಲ. ಕನ್ನಡಕವನ್ನು ಹಣೆಗೆ ಏರಿಸಿ, ನೋಟನ್ನು ಎರಡು ಅಂಗೈ ನಡುವೆ ಹಿಡಿದು, ಮೂಗಿಗೆ ಒತ್ತಿಕೊಂಡು ಉಸಿರು ಎಳೆದುಕೊಂಡರು.

ಮತ್ತೊಂದು ಸಲ ಎಳೆದುಕೊಂಡರು. ಆಮೇಲೆ ನೋಟನ್ನು ಮೇಜಿನ ಮೇಲಿಟ್ಟು ಮೆತ್ತಗೆ ನನ್ನ ಕಡೆ ಸರಿಸಿದರು.

"ಇದು ನನ್ನ ಗಂಡನದಲ್ಲ."

ಒಂದೂವರೆ ದಿನ ಉರುಹೊಡೆದ ಉತ್ತರಗಳಲ್ಲಿ ವಾಸನೆಯ ಪ್ರಶ್ನೆಗೆ ಒಂದೂ ಇರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಸಿಟ್ಟಿನಿಂದಲ್ಲ, ಭಯದಿಂದ. ಕಳೆದುಹೋಯಿತೇ ಎಂದು ಕೇಳಲು ಹೆದರಿದ್ದರು. ಆ ಭಯ ಹತ್ತು ದಿನದಿಂದ ನನ್ನ ಹೊಟ್ಟೆಯಲ್ಲಿದ್ದದ್ದಕ್ಕಿಂತ ದೊಡ್ಡದು ಎಂದು ನೋಡಿದ ಕೂಡಲೇ ತಿಳಿಯಿತು.

ಯಜಮಾನರು ಆಗಲೇ ಎದ್ದು ಕಾರಿನ ಕಡೆ ಹೋಗಿದ್ದರು. ಡಬ್ಬಿ ತಂದು ಹಲ್ಮೊನಿಯ ಮುಂದಿಟ್ಟು, ತಾವೇ ಕರ್ಚೀಫು ಬಿಡಿಸಿದರು. "ನಾನು ಮಾಡಿದ್ದು" ಎಂದರು ಇಂಗ್ಲಿಷಿನಲ್ಲಿ. "ಚೆನ್ನಾಗಿ ಉಳಿಯಲಿ ಅಂತ. ನನಗೆ ಗೊತ್ತಿರಲಿಲ್ಲ."

"ಅವರಿಗೆ ಗೊತ್ತಿರಲಿಲ್ಲ" ಎಂದೆ ನಾನು. "ನನಗೆ ಗೊತ್ತಿತ್ತು ಹಲ್ಮೊನಿ. ಇನ್ನೊಂದು ನೋಟು ತಂದು, ಮಡಿಸಿ, ಮೂಲೆ ಹರಿದು ನಿಮಗೆ ಕೊಟ್ಟೆ. ನಿಮಗೆ ಮೋಸ ಮಾಡೋಕೆ ನೋಡಿದೆ." ಹೇಳುತ್ತಾ ಹೇಳುತ್ತಾ ಅಳು ಬಂತು. ಐವತ್ತೈದು ವರ್ಷದ ಹೆಂಗಸು, ಇಸ್ತ್ರಿ ಅಂಗಡಿಯಲ್ಲಿ ಕೂತು ಮಗುವಿನಂತೆ ಅತ್ತೆ.

ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಪ್ಲಾಸ್ಟಿಕ್ಕಿನ ನೋಟನ್ನು ಎತ್ತಿಕೊಂಡು ಆಚೆ ಈಚೆ ತಿರುಗಿಸಿದರು. ಮೂಗಿಗೆ ಹಿಡಿದರು. ಇಳಿಸಿದರು.

"ಹೊಗೆಸೊಪ್ಪು" ಎಂದರು. "ಅವರು ಹೊಗೆಸೊಪ್ಪಿನ ಡಬ್ಬಿಯಲ್ಲಿ ಇಟ್ಟಿದ್ದರು. ನಲವತ್ತು ವರ್ಷ. ಪ್ರತಿದಿನ ತೆಗೆಯುತ್ತಿದ್ದರು." ಇಸ್ತ್ರಿ ಮೇಜಿನ ಕಡೆ, ತೂಗುವ ಬಟ್ಟೆಗಳ ಕಡೆ ಕೈ ತೋರಿಸಿದರು. "ಅವರು ತೀರಿಕೊಂಡ ವಾರ ಅವರ ಬಟ್ಟೆ ಎಲ್ಲ ನಾನೇ ಒಗೆದೆ. ಅಂಗಿ, ಕೋಟು, ಎಲ್ಲ. ಯೋಚನೆ ಮಾಡಲಿಲ್ಲ. ಕೊಳೆ ಕಂಡರೆ ಒಗೆಯೋದು ನನ್ನ ಕೆಲಸ. ಆಮೇಲೆ ಬೀರು ತೆಗೆದು ಮೂಸಿದರೆ ಬರೀ ಸೋಪು. ಇದೊಂದು ಉಳಿದಿತ್ತು."

ಇದನ್ನು ಅವರು ಯಜಮಾನರನ್ನು ನೋಡಿಕೊಂಡು ಹೇಳಿದರು. ಯಜಮಾನರು ತಲೆ ಎತ್ತಲಿಲ್ಲ. ನಾನು ಹತ್ತು ದಿನ ಲೆಕ್ಕ ಹಾಕಿದ್ದು ಮಡಿಕೆ, ಮೂಲೆ, ನಂಬರು, ಮಾರುಕಟ್ಟೆ. ಇವರ ಬಳಿ ಇದ್ದದ್ದು ಏನೆಂದು ಕೇಳಲು ಒಮ್ಮೆಯೂ ಹೊಳೆದಿರಲಿಲ್ಲ.

ಅವರು ಎದ್ದು ಹೊಲಿಗೆ ಯಂತ್ರದ ಪಕ್ಕದಿಂದ ದೊಡ್ಡ ಕತ್ತರಿ ತಂದು ನನ್ನ ಮುಂದೆ ಇಟ್ಟರು. "ನನಗೆ ಅಂಚು ಕಾಣಲ್ಲ. ನೀನು ಕತ್ತರಿಸು."

ಡೇಲ್ ಬೇಡವೆಂದಿದ್ದರು. ಕತ್ತರಿಸಿದರೆ ಉಳಿದ ಬೆಲೆಯೂ ಹೋಗುತ್ತದೆ, ನೋಟಿನ ಅಂಚೂ ಹೋಗುತ್ತದೆ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಕತ್ತರಿ ಎತ್ತಿಕೊಂಡೆ. ಉದ್ದನೆಯ ಬದಿಯಲ್ಲಿ, ಕಾಗದದ ಅಂಚಿಗೆ ತಾಗಿಸಿ ಕತ್ತರಿ ಇಟ್ಟೆ. ಯಜಮಾನರು ನೋಟಿನ ಇನ್ನೊಂದು ತುದಿ ಅಲುಗದಂತೆ ಹಿಡಿದರು. ಪ್ಲಾಸ್ಟಿಕ್ಕಿನ ಪಟ್ಟಿಯ ಜೊತೆ ಕೆಂಪು ಕಾಗದದ ಒಂದು ದಾರದಷ್ಟು ಎಳೆ ಕತ್ತರಿಸಿ ಮೇಜಿನ ಮೇಲೆ ಬಿತ್ತು. ಮೊನ್ನೆಯ ಮೋಟೆಲ್ ಬಿಟ್ಟರೆ ಆರು ವರ್ಷದಲ್ಲಿ ನೋಟಿನ ಅಂಚನ್ನು ಬೆರಳಿನಿಂದ ಮುಟ್ಟದವಳು ನಾನು.

ಹಲ್ಮೊನಿ ಆ ತೆರೆದ ಅಂಚನ್ನು ಮೂಗಿನ ಹೊಳ್ಳೆಯ ಕೆಳಗೆ ಹಿಡಿದು ಕಣ್ಣು ಮುಚ್ಚಿದರು. ಬಾಗಿಲ ಗಂಟೆ ಕಿಣಿಗುಟ್ಟಿತು, ಒಬ್ಬ ಹೆಂಗಸು ಅಂಗಿಗಳ ಗಂಟು ತಂದು ನಿಂತಳು. ಹಲ್ಮೊನಿ ಕಣ್ಣು ತೆರೆಯಲಿಲ್ಲ. ನಾನೇ ಕೌಂಟರಿಗೆ ಹೋಗಿ ಅಂಗಿ ಎಣಿಸಿ, ಚೀಟಿ ಬರೆದು ಕೊಟ್ಟು, ಸೋಮವಾರ ಬನ್ನಿ ಎಂದೆ. ಗಲ್ಲಾದ ಕೆಲಸ ನನಗೆ ಮರೆತಿರಲಿಲ್ಲ.

ಹಿಂತಿರುಗಿದಾಗ ಹಲ್ಮೊನಿ ನೋಟನ್ನು ನನ್ನ ಮೂಗಿನ ಮುಂದೆ ಹಿಡಿದರು. "ನೀನು ನೋಡು. ನಾನು ಮುದುಕಿ, ಮೂಗು ಸರಿಯಿಲ್ಲ. ಬರುತ್ತಾ?"

ನಾನು ಉಸಿರು ಎಳೆದುಕೊಂಡೆ. ಪ್ಲಾಸ್ಟಿಕ್, ಅಂಟು, ಇಸ್ತ್ರಿಯ ಹಬೆ. ಇನ್ನೂ ಒಂದು ಸಲ ಎಳೆದುಕೊಂಡೆ. ಹೌದು ಅನ್ನುವುದು ಎಷ್ಟು ಸುಲಭವಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಇಲ್ಲ ಹಲ್ಮೊನಿ" ಎಂದೆ.

ಅವರು ತಲೆಯಾಡಿಸಿದರು. "ನನಗೂ ಇಲ್ಲ."

ಮೇಜಿನ ಮೇಲಿದ್ದ ಇನ್ನೊಂದು ನೋಟನ್ನು ಕವರಿಗೆ ಹಾಕಿ ನನ್ನ ಪರ್ಸಿನಲ್ಲಿ ತಾವೇ ಇಟ್ಟರು. ಬೇಡ, ಇದು ನಿಮಗೇ ಇರಲಿ ಎಂದರೆ ಕೇಳಲಿಲ್ಲ. ಉಳಿದ ಕಿಂಬಾಪನ್ನು ಹಾಳೆಯಲ್ಲಿ ಸುತ್ತಿ ಯಜಮಾನರ ಕೈಗೆ ಕೊಟ್ಟು, "ದೂರ ಹೋಗಬೇಕು, ನಿಧಾನ ಓಡಿಸು" ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾವೂ ಕೇಳುವ ಧೈರ್ಯ ಮಾಡಲಿಲ್ಲ. ಮತ್ತೆ ಬಾ ಎಂದೂ ಅನ್ನಲಿಲ್ಲ.

ಐ-ನಲವತ್ತೈದು ಹಿಡಿದರೆ ಡಲ್ಲಾಸ್ ಇನ್ನೂರ ನಲವತ್ತು ಮೈಲಿ. ಕತ್ತಲಾಗುವ ಮೊದಲು ಮನೆ ಸೇರಬಹುದಿತ್ತು. ಯಜಮಾನರು ಕಾರು ಹಿಂದಕ್ಕೆ ತೆಗೆಯುವಾಗ ನಾನು ತಿರುಗಿ ಅಂಗಡಿಯ ಗಾಜಿನೊಳಗೆ ನೋಡಿದೆ. ಹಲ್ಮೊನಿ ಹಲಗೆಯ ಮುಂದೆ, ಗಂಡನ ಫೋಟೋಗೆ ಬೆನ್ನು ಹಾಕಿ ನಿಂತಿದ್ದರು. ಬಿಳಿ ಬಟ್ಟೆಯ ಮೇಲೆ ಇನ್ನೂ ಏನೂ ಇರಲಿಲ್ಲ. ನೋಟನ್ನು ಮತ್ತೆ ಮೂಗಿಗೆ ಹಿಡಿದಿದ್ದರು.